ನುಂಗದ ಮಾತ್ರೆಗಳು

"ಡಾಕ್ಟರ ಚೀಟಿ ಇಲ್ಲದೆ ಕೊಡಲ್ಲ."

"ಮೇಡಂ, ಕಾಲಿನ ಹೆಬ್ಬೆರಳ ಮೇಲೆ ನೊಣ ಕೂತ್ರೂ ಜೀವ ಹೋಗ್ತಿದೆ. ಒಂದು ನೋವಿನ ಮಾತ್ರೆ ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?"

ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು. ಮೆಡಿಕಲ್ ಶಾಪಿನ ಕೌಂಟರ್ ಹಿಡಿದು ನಿಂತಿದ್ದವನು ಎದುರು ಸಾಲಿನ ಟೈಲರ್. ಒಳಗಿದ್ದವಳು ಫಾರ್ಮಸಿಸ್ಟ್, ಬೀದಿಯವರ ಬಾಯಲ್ಲಿ 'ಮಾತ್ರೆ ಮೇಡಂ'. ಅವನ ಊದಿದ ಕೆಂಪು ಹೆಬ್ಬೆರಳು ನೋಡಿದ್ದೇ ಅವಳ ಮುಖ ಬಿಳಿಚಿಕೊಂಡಿತು.

ಅಪ್ಪನ ಕಾಲೂ ಹೀಗೇ ಇತ್ತಲ್ಲ...

"ಗೌಟ್ ಇರಬೇಕು, ಯೂರಿಕ್ ಆಸಿಡ್ ಕೀಲಲ್ಲಿ ಹರಳುಗಟ್ಟಿ ಕೂರೋ ಕಾಯಿಲೆ. ಮೊದಲು ಡಾಕ್ಟರಿಗೆ ತೋರಿಸಿ."

ಗೊಣಗುತ್ತಾ ಕುಂಟಿಕೊಂಡು ಹೋದವನು ಚೀಟಿಯ ಜೊತೆಗೇ ಬಂದ. ಗೌಟೇ ಆಗಿತ್ತು. ನೋವು ಇಳಿದ ಮೇಲೆ ಯೂರಿಕ್ ಆಸಿಡ್ ತಗ್ಗಿಸುವ ಮಾತ್ರೆ ಶುರುವಾಯಿತು. ಅವಳು ಮಾತ್ರೆಯ ಕವರಿನ ಮೇಲೆ 'ದಿನಾ ಒಂದು' ಎಂದು ದಪ್ಪಗೆ ಬರೆದು ಕೊಟ್ಟಳು.

"ನೋವು ಹೋಯ್ತು ಅಂತ ಬಿಡಬೇಡಿ. ವರ್ಷಗಟ್ಟಲೆ ತಗೋಬೇಕು."

"ನೀವೇ ಕೊಡೋದಾದ್ರೆ ಜೀವನಪೂರ್ತಿ ತಗೋತೀನಿ."

ಆಮೇಲೆ ತಿಂಗಳು ತಪ್ಪದೆ ಬರತೊಡಗಿದ. ಅಷ್ಟು ಶಿಸ್ತಿನ ರೋಗಿ ಅವಳಿಗೆ ಸಿಕ್ಕಿದ್ದೇ ಇಲ್ಲ. ಮಾತಿಗೆ ಮಾತು ಬೆಳೆಯಿತು, ನಗು ಬೆಳೆಯಿತು. ಒಂದು ಸಂಜೆ ಯಾರಿಗೂ ಹೇಳದ್ದನ್ನು ಅವಳು ಅವನಿಗೆ ಹೇಳಿಬಿಟ್ಟಳು.

"ನಮ್ಮಪ್ಪನಿಗೂ ಇದೇ ಕಾಯಿಲೆ. ದಿನಾ ನಾನೇ ಮಾತ್ರೆ, ನೀರು ಕೊಡ್ತಿದ್ದೆ. 'ನುಂಗಿದೆ ಮಗಳೇ' ಅಂತ ನಗ್ತಿದ್ರು. ಬೆರಳೆಲ್ಲ ಗಂಟುಗಟ್ಟಿ, ಕಿಡ್ನಿನೂ ಹೋಯ್ತು. ಅವರು ತೀರ್ಕೊಂಡ ಮೇಲೆ ದಿಂಬಿನ ಕವರ್ ಬಿಚ್ಚಿದ್ರೆ... ಒಳಗೆಲ್ಲ ಮಾತ್ರೆ."

ಅವನು ಮಾತ್ರೆಯ ಕವರನ್ನು ಜೇಬಿಗೆ ಹಾಕಿಕೊಂಡ. ಆಮೇಲೆ, "ನಾನು ಒಂದು ದಿನವೂ ತಪ್ಪಿಸಲ್ಲ. ನಿಮ್ಮಾಣೆ," ಎಂದ.

ಆ ಮಾತಿಗೆ ಅವಳು ಸೋತಳು. ಮದುವೆಯ ಮಾತಾಡಲು ಭಾನುವಾರ ಅವಳು ತನ್ನ ಅಮ್ಮನನ್ನು ಅವನ ಮನೆಗೆ ಕರೆತರುವುದೆಂದು ಇಬ್ಬರೂ ಸೇರಿ ನಿಶ್ಚಯಿಸಿದರು.

ಅದಕ್ಕೂ ಮೊದಲು, ಹೊಲಿಯಲು ಕೊಟ್ಟಿದ್ದ ಬಟ್ಟೆಗಾಗಿ ಅವಳು ಅವನ ಅಂಗಡಿಗೆ ಹೋದಳು. ಅವನು ಇಸ್ತ್ರಿ ಹಾಕುತ್ತಿದ್ದ.

"ಗುಂಡಿ ನೀವೇ ಆರಿಸ್ಕೊಳ್ಳಿ, ಡ್ರಾಯರಿನಲ್ಲಿವೆ."

ಅವಳು ಎಳೆದದ್ದು ಬೇರೆ ಡ್ರಾಯರು. ಅದರ ತುಂಬ ಅವಳದೇ ಅಕ್ಷರ... 'ದಿನಾ ಒಂದು', 'ದಿನಾ ಒಂದು'. ಒಂದು ಕವರನ್ನೂ ತೆರೆದಿರಲಿಲ್ಲ.

"ಇದೇನು?"

ಅವನ ಕೈ ನಿಂತಿತು. "ಮೊದಲನೇ ಕವರ್ ತಗೊಂಡು ಮುಗಿಸಿದೆ. ಶುರು ಮಾಡಿದ ಮೇಲೇನೇ ಮತ್ತೆ ಊದ್ಕೊಳ್ತು. ಈ ಮಾತ್ರೆ ನಂಗೆ ಆಗಲ್ಲ ಅಂದ್ಕೊಂಡು ಬಿಟ್ಟೆ. ಆಮೇಲೆ ನೋವೂ ಬರಲಿಲ್ಲ..."

"ಶುರುವಿನಲ್ಲಿ ಹಾಗಾಗುತ್ತೆ. ಕೀಲಲ್ಲಿ ಕೂತಿರೋದು ಕರಗೋವಾಗ ನೋವು ಕೆರಳುತ್ತೆ. ಒಂದು ಮಾತು ಕೇಳಿದ್ರೆ ಹೇಳ್ತಿದ್ನಲ್ಲ."

"ಕೇಳಿದ್ರೆ ಬಿಟ್ಟಿದ್ದು ಗೊತ್ತಾಗ್ತಿತ್ತು."

"ಮತ್ತೆ ಪ್ರತಿ ತಿಂಗಳು ಬರ್ತಿದ್ದಿದ್ದು ಯಾಕೆ?"

"ನಿಮ್ಮನ್ನ ನೋಡೋಕೆ."

ಬೇರೆ ಕಥೆಯಾಗಿದ್ದರೆ ನಾಯಕಿ ಇಲ್ಲಿ ನಾಚಿ ತಲೆ ತಗ್ಗಿಸಬೇಕಿತ್ತು. ಇವಳ ಮೈಯೆಲ್ಲ ಉರಿದುಹೋಯಿತು.

"ನಮ್ಮಪ್ಪನ ಕಥೆ ಕೇಳಿಸ್ಕೊಂಡೂ ನನ್ನ ಮೇಲೇ ಸುಳ್ಳು ಆಣೆ ಇಟ್ರಲ್ಲ. ಅಪ್ಪನಾದ್ರೂ ಆಣೆ ಇಟ್ಟಿರಲಿಲ್ಲ."

ಬಟ್ಟೆಯನ್ನೂ ಬಿಟ್ಟು ಹೊರಟಳು. ಮನೆಯಲ್ಲಿ ಅಮ್ಮನಿಗೆ ಇಷ್ಟೇ ಹೇಳಿದಳು: "ಭಾನುವಾರ ಎಲ್ಲಿಗೂ ಹೋಗೋದಿಲ್ಲ."

ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನಾನು ಪ್ರೀತಿಸಿದವರೆಲ್ಲ ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳುತ್ತಾರಲ್ಲ...

ಅವನು ಮತ್ತೆ ಮೆಡಿಕಲ್ ಶಾಪಿನ ಕಡೆ ಸುಳಿಯಲಿಲ್ಲ. ಬಾರದಿದ್ದರೆ ಪೀಡೆ ತೊಲಗಿತು ಎಂದುಕೊಂಡಳು. ಆದರೂ ಬಾಗಿಲಲ್ಲಿ ನೆರಳು ಕಂಡಾಗೆಲ್ಲ ಕತ್ತು ತಾನಾಗಿಯೇ ತಿರುಗುತ್ತಿತ್ತು. ಕೆಲವು ವಾರಗಳ ಮೇಲೆ ಬಂದದ್ದು ಅವನ ಅಕ್ಕ.

"ಡಾಕ್ಟರ ಹತ್ರ ಹೋಗಿ ಮಾತ್ರೆ ಮತ್ತೆ ಶುರು ಮಾಡಿದ್ದಾನಮ್ಮ. ಮತ್ತೆ ನೋವು ಎದ್ದಿದೆ. ಹಲ್ಲು ಕಚ್ಕೊಂಡು ನುಂಗ್ತಿದ್ದಾನೆ. ನಿನಗೆ ಹೇಳಬೇಡ ಅಂದಿದ್ದಾನೆ. ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ."

ಹೋಗಬಾರದೆಂದುಕೊಂಡೇ ಅವನ ಮನೆಗೆ ಹೋದಳು. ಅವನು ಕಾಲನ್ನು ದಿಂಬಿನ ಮೇಲಿಟ್ಟು ಕುಳಿತಿದ್ದ, ಮುಖ ಬಾಡಿತ್ತು.

"ತುಂಬಾ ನೋವಾ?"

"ಹೂಂ. ನೋವಿಗೂ ಮಾತ್ರೆ ಕೊಟ್ಟಿದ್ದಾರೆ."

"ದಿನಾ ಒಂದು ಅಂದಿದ್ದು ತಗೊಳ್ತಿದ್ದೀರಾ?"

ಅವಳು ಕಣ್ಣು ಮುಚ್ಚಿಕೊಂಡಳು. ಆ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು... ನುಂಗಿದೆ ಮಗಳೇ.

"ಇವತ್ತು ತಗೊಂಡೆ," ಅವನೆಂದ. "ನಿನ್ನೆ ತಗೊಂಡಿಲ್ಲ."

ಅವಳು ಕಣ್ಣು ತೆರೆದಳು.

"ಯಾಕೆ?"

"ನೋವಿಗೆ ಹೆದರಿಬಿಟ್ಟೆ. ಬೆಳಿಗ್ಗೆ ಮತ್ತೆ ಧೈರ್ಯ ಬಂತು."

ಅಪ್ಪ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಹಾಗೆ ಹೇಳಿರಲಿಲ್ಲ. ಅವಳ ಕಣ್ಣು ತುಂಬಿ ಬಂತು. ಸಿಟ್ಟು ಪೂರ್ತಿ ಹೋಗಿರಲಿಲ್ಲ, ಆದರೂ ಅವನ ಪಕ್ಕದಲ್ಲೇ ಕುಳಿತಳು.

"ತಪ್ಪಿಸಿದ ದಿನವೆಲ್ಲ ಹೀಗೇ ಹೇಳ್ತೀರಾ?"

"ಬಯ್ಯಲ್ವಾ?"

"ಬಯ್ತೀನಿ. ಆದ್ರೂ ಹೇಳಬೇಕು."

"ಹೇಳ್ತೀನಿ. ಆಣೆ ಮಾತ್ರ ಇಡಲ್ಲ."

ಅವಳು ಕಣ್ಣೊರೆಸಿಕೊಂಡಳು. "ಭಾನುವಾರ ಅಮ್ಮನ್ನ ಕರ್ಕೊಂಡು ಬರ್ಲಾ?"

"ಈ ಕಾಲಲ್ಲಿ ಎದ್ದು ನಿಂತು ಬನ್ನಿ ಅನ್ನೋಕೂ ಆಗಲ್ವಲ್ಲ..."

"ಕೂತೇ ಅನ್ನಿ."