ಕೊಂಬೆ ಇಲ್ಲದ ಕವಲು

"ಏಯ್! ಆ ಕೊಂಬೆ ಮುಟ್ಬೇಡಿ!"

ಕೂಗಿದ್ದು ವನಿತಾ. ತಲೆಯ ಮೇಲೆ ಹಾಲಿನ ಕ್ಯಾನು. ದಾರಿ ಎರಡಾಗುವ ಕವಲಿನಲ್ಲಿ ಹಳದಿ ಹೆಲ್ಮೆಟ್ಟಿನ ಅಪರಿಚಿತನೊಬ್ಬ ದಪ್ಪ ಟೈರಿನ ಸೈಕಲ್ಲನ್ನು ಸೊಂಟಕ್ಕೆ ಒರಗಿಸಿಕೊಂಡು ನಿಂತಿದ್ದ. ದಾರಿಗೆ ಅಡ್ಡವಿದ್ದ ತಂಗಡಿ ಕೊಂಬೆಯನ್ನು ಎತ್ತಿ ಪಕ್ಕಕ್ಕೆ ಎಸೆದೇ ಬಿಟ್ಟ.

"ಬಿದ್ದಿತ್ತು ಮೇಡಮ್, ದಾರಿ ಕ್ಲೀನ್ ಮಾಡ್ದೆ," ಎಂದು ನಕ್ಕ ಪುಣ್ಯಾತ್ಮ.

ವನಿತಾ ಓಡಿ ಬಂದು ಅವನ ಹ್ಯಾಂಡಲ್ ಹಿಡಿದಳು.

"ಬಿದ್ದಿರೋದಲ್ಲ ಕಣ್ರೀ, ಇಟ್ಟಿರೋದು! ಮೇಲೆ ಕಲ್ಲು ಕಾಣ್ಲಿಲ್ವಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನ ಬಿದಿರು ಮೆಳೆಯಲ್ಲಿ ಏನೋ ಲಟಕ್ಕನೆ ಮುರಿಯಿತು. ಆಮೇಲೆ ಏನೂ ಇಲ್ಲ. ಒಂದು ಹಕ್ಕಿಯ ಸದ್ದೂ ಇಲ್ಲ.

"ಆ... ಆನೆನಾ?"

"ಶ್! ಹೆಸ್ರು ಎತ್ಬಾರ್ದು. ದೊಡ್ಡೋನು ಅನ್ನಿ. ಹಿಂದಕ್ಕೆ ನಡೀರಿ... ಮೆಲ್ಲಗೆ."

ಇಬ್ಬರೂ ಉಸಿರು ಬಿಗಿಹಿಡಿದು, ಮುಖ ತಿರುಗಿಸದೆ, ಹಿಂದು ಹಿಂದಕ್ಕೆ ನಡೆದರು. ಪ್ರೀತಿ ಶುರುವಾಗುವುದಕ್ಕೆ ಒಳ್ಳೆ ಜಾಗ ಹುಡುಕಿಕೊಂಡರು ನೋಡಿ!

ಅಂಚೆಟ್ಟಿ ಕಡೆಯ ಗುಡ್ಡಗಳ ಸಂದಿಯಲ್ಲಿರುವ ಹುಣಸೆದೊಡ್ಡಿ ವನಿತಾಳ ಊರು. ರಾಗಿ ತೆನೆ ಕಟ್ಟಿತೆಂದರೆ ಒಂಟಿ ಸಲಗವೊಂದು ತಪ್ಪದೆ ಬರುತ್ತದೆ. ಅವಳ ಅಪ್ಪ ನರಸಿಂಹಪ್ಪ ನಸುಕಿನಲ್ಲೇ ಎದ್ದು ಕವಲಿಗೆ ಹೋಗಿ ಹೆಜ್ಜೆ ನೋಡಿ ಬರುತ್ತಿದ್ದ. ಸಲಗ ಹತ್ತಿರದಲ್ಲಿದ್ದರೆ ದಾರಿಗಡ್ಡ ಹಸಿ ತಂಗಡಿ ಕೊಂಬೆ, ಅದರ ಮೇಲೊಂದು ಕಲ್ಲು. ಕೊಂಬೆಯ ತುದಿ ಯಾವ ಕಡೆಗೋ ಸಲಗ ಆ ಕಡೆಗೆ. ಅದನ್ನು ದಾಟಿ ಊರಿನವರು ಯಾರೂ ಹೆಜ್ಜೆ ಇಡುವುದಿಲ್ಲ.

"ಕೊಂಬೆ ಇದ್ರೆ ವಾಪಸ್ ಹೋಗಿ. ಇಲ್ಲ ಅಂದ್ರೆ ದಾರಿ ಸಲೀಸು," ಎಂದು ಅವನಿಗೆ ಪಾಠ ಹೇಳಿದಳು ವನಿತಾ.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಹೇಳಿದವಳು ಮರೆತಳು. ಕೇಳಿದವನು ಮರೆಯಲಿಲ್ಲ.

ಅವನ ಹೆಸರು ವೇಣು. ತೊರಪಲ್ಲಿ ಕಡೆಯವನು, ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸ. ರಜೆ ಬಂತೆಂದರೆ ಗುಡ್ಡದ ಜಲ್ಲಿ ದಾರಿಗಳಲ್ಲಿ ಸೈಕಲ್ ಹೊಡೆದು, ಆ ದಾರಿಗಳನ್ನು ಫೋನಿನ ನಕ್ಷೆಯಲ್ಲಿ ಗುರುತು ಮಾಡುವ ಹುಚ್ಚು. ಆ ದಿನದ ನಂತರ ಅವನ ಹುಚ್ಚೆಲ್ಲ ಹುಣಸೆದೊಡ್ಡಿಯ ದಾರಿಗೇ ತಿರುಗಿತು!

ಅವಳು ಗುಡ್ಡದಾಚೆಯ ಡೈರಿಗೆ ಹಾಲು ಹೊತ್ತು ಹೊರಡುವುದು ಏಳು ಗಂಟೆಗೆ. ಅವನು ಕವಲಿಗೆ ಬರುವುದೂ ಸರಿಯಾಗಿ ಏಳಕ್ಕೆ.

"ಕ್ಯಾನು ಸೈಕಲ್ ಮೇಲಿಡಿ, ನಾನು ತರ್ತೀನಿ."

"ಬೇಡಪ್ಪ! ಈ ಜಲ್ಲೀಲಿ ಕುಲುಕಿದ್ರೆ ಡೈರಿ ಸೇರೋ ಹೊತ್ಗೆ ಬೆಣ್ಣೆ ಬಂದಿರ್ತದೆ."

ಅವನು ನಕ್ಕರೆ ಅವಳಿಗೆ ಇಡೀ ದಿನ ಕೆಲಸ ಹಗುರ. 'ಇದೇನಾಯ್ತು ನಂಗೆ?' ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು.

ಒಂದು ದಿನ ಮಾತ್ರ ಗಟ್ಟಿಯಾಗಿ ಹೇಳಿದ್ದಳು. "ಈ ದಾರಿ ಯಾರ್ಗೂ ತೋರಿಸ್ಬೇಡಿ. ಬಂದೋರು ಕೊಂಬೆ ಎಸೀತಾರೆ."

"ನಿಮ್ಮಾಣೆ, ತೋರ್ಸಲ್ಲ."

ಆದರೆ ಬಂದರು. ಒಂದು ಶನಿವಾರ ಹತ್ತು ಸೈಕಲ್‌ಗಳು, ಹತ್ತು ಫೋನುಗಳಲ್ಲೂ ಅದೇ ದಾರಿಯ ಗೆರೆ. ಕೊಂಬೆ ಎಸೆದು ಒಳಗೆ ನುಗ್ಗಿದರು. ಅವರನ್ನು ತಡೆಯಲು ನರಸಿಂಹಪ್ಪ ಕೂಗುತ್ತ ಓಡಿದ. ಅವರು ಹೇಗೋ ಪಾರಾದರು. ಸಲಗ ತಿರುಗಿದ್ದು ನರಸಿಂಹಪ್ಪನ ಮೇಲೆ... ಹಳ್ಳಕ್ಕೆ ಹಾರಿ ಜೀವ ಉಳಿಸಿಕೊಂಡ. ಕಾಲು ಮುರಿಯಿತು.

ವನಿತಾ ನೀರಿನ ಟ್ಯಾಂಕಿನ ಬಳಿ ಹೋಗಿ ವೇಣುವಿಗೆ ಫೋನ್ ಮಾಡಿದಳು.

"ಆಣೆ ಹಾಕಿದ್ರಲ್ಲ!"

"ವನಿತಾ, ನಾನು ನನ್ ಫ್ರೆಂಡ್ ಕುಮಾರೇಶ್‌ಗೆ ಒಬ್ಬನಿಗೆ ಮಾತ್ರ..."

"ಕೊಟ್ರಿ ತಾನೆ? ಸಾಕು. ಇನ್ನು ಈ ಕಡೆ ತಲೆ ಹಾಕ್ಬೇಡಿ!"

ಫೋನ್ ಇಟ್ಟು ಅತ್ತಳು. ಅಪ್ಪನಿಗಾಗಿ ಅತ್ತದ್ದೆಷ್ಟು, ಅವನಿಗಾಗಿ ಅತ್ತದ್ದೆಷ್ಟು, ಅವಳಿಗೇ ಗೊತ್ತಾಗಲಿಲ್ಲ.

ಊರಿನವರು ಆ ದಾರಿಯನ್ನೇ ಬಿಟ್ಟರು. ವನಿತಾಳ ಹಾಲು ಪಕ್ಕದ ಮನೆಯ ಸೆಲ್ವಿಯ ಮೊಪೆಡ್ಡಿನಲ್ಲಿ ಬಸ್ ರಸ್ತೆ ಸುತ್ತಿ ಡೈರಿ ಸೇರತೊಡಗಿತು.

ಹನ್ನೆರಡು ದಿನ ಕಳೆದವು. ಆ ಬೆಳಗ್ಗೆ ಮಂಜು ದಟ್ಟವಾಗಿತ್ತು. ಕಟ್ಟು ಹಾಕಿದ ಕಾಲು ಚಾಚಿ ಕೂತಿದ್ದ ಅಪ್ಪ ಗುಡ್ಡದ ಕಡೆ ಕಿವಿಗೊಟ್ಟು ಹೇಳಿದ, "ರಾತ್ರಿಯೆಲ್ಲ ಕವಲತ್ರ ಬಿದಿರು ಮುರೀತಿತ್ತು ಕಣವ್ವ. ದೊಡ್ಡೋನು ಅಲ್ಲೇ ಅವ್ನೆ. ಇರ್ಲಿ ಬುಡು, ಆ ಕಡೆ ಯಾರು ಹೋಗ್ತಾರೆ ಈಗ."

ವನಿತಾ ನೀರಿಗೆಂದು ಟ್ಯಾಂಕಿನ ಬಳಿ ಹೋದಳು. ಊರಿನಲ್ಲಿ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಫೋನ್ ಗುಂಯ್ ಎಂದಿತು. ವೇಣುವಿನ ಮೆಸೇಜು, ಎರಡು ಗಂಟೆ ಹಿಂದೆ ಕಳಿಸಿದ್ದು.

'ಐದಕ್ಕೆ ಹೊರಟೆ. ನರಸಿಂಹಪ್ಪ ಮಾವನ ಎದುರು ನಿಂತು ತಪ್ಪು ಒಪ್ಕೋತೀನಿ. ಹೆದರ್ಬೇಡ. ಕೊಂಬೆ ನೋಡ್ಕೊಂಡೇ ಬರ್ತೀನಿ.'

ಕೊಂಬೆ ನೋಡ್ಕೊಂಡು...

ಹನ್ನೆರಡು ದಿನದಿಂದ ಕವಲಿಗೆ ಯಾರೂ ಹೋಗಿಲ್ಲ! ಕೊಂಬೆ ಇಡುವವರೇ ಇಲ್ಲ! ಅವನು ಖಾಲಿ ದಾರಿ ನೋಡುತ್ತಾನೆ. ಸಲೀಸು ಅಂದುಕೊಳ್ಳುತ್ತಾನೆ.

'ನಾನೇ ಹೇಳ್ಕೊಟ್ಟೆ. ನನ್ ಮಾತು ನಂಬ್ಕೊಂಡು ಬತ್ತಾವ್ನೆ...'

ಫೋನ್ ಮಾಡಿದಳು. ರಿಂಗ್ ಆಗಲಿಲ್ಲ. ಕೊಡ ಅಲ್ಲೇ ಬಿಟ್ಟು ಓಡಿದಳು. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ಅಜ್ಜಿ ಹೇಳುತ್ತಿದ್ದ ಗಾದೆ ಓಡುವ ಹೆಜ್ಜೆ ಹೆಜ್ಜೆಗೂ ನೆನಪಾಗುತ್ತಿತ್ತು.

ಕವಲು ಬಂತು. ಅವಳು ಗಕ್ಕನೆ ನಿಂತಳು.

ದಾರಿಗಡ್ಡ ತಂಗಡಿ ಕೊಂಬೆ ಇತ್ತು!

ಅದರ ಮೇಲೆ ಕಲ್ಲಿರಲಿಲ್ಲ. ಹಳದಿ ಹೆಲ್ಮೆಟ್ ಇತ್ತು. ಪಟ್ಟಿಯ ಮೇಲೆ ರಕ್ತ.

ಕೊಂಬೆ ಮುಟ್ಟಿ ನೋಡಿದಳು. ಮುರಿದ ಕಡೆ ಇನ್ನೂ ಹಸಿ. ತುದಿ ಹಳ್ಳದ ಕಡೆಗಿತ್ತು. ಮಂಜಿನಾಚೆ ಸೈಕಲ್ ಬಿದ್ದಿತ್ತು, ಮುಂದಿನ ಚಕ್ರ ಒಣ ಹಪ್ಪಳದಂತೆ ಮುರುಟಿಹೋಗಿತ್ತು. ಸೈಕಲ್ಲಿನವನು ಇಲ್ಲ.

ಕೊಂಬೆ ದಾಟಬಾರದು. ಹುಟ್ಟಿದಾಗಿನಿಂದ ಅವಳು ದಾಟಿರಲಿಲ್ಲ.

ದಾಟಿದಳು.

ಎರಡು ಹೆಜ್ಜೆ ಇಟ್ಟಿರಬೇಕು, ಮುಂದೆ ಟಪ್ಪೆಂದು ಸಣ್ಣ ಕಲ್ಲು ಬಿತ್ತು. ತಲೆಯೆತ್ತಿದಳು. ಪಕ್ಕದ ಬಂಡೆಯ ಮೇಲೆ ವೇಣು! ಒಂದು ತೋಳು ಎದೆಗೆ ಒತ್ತಿಕೊಂಡಿದ್ದ. ಇನ್ನೊಂದು ಕೈಯಿಂದ 'ಬೇಗ ಹತ್ತು' ಎಂದು ಸನ್ನೆ ಮಾಡುತ್ತಿದ್ದ.

ಅವಳು ಹತ್ತಿದ್ದಕ್ಕೂ ಮಂಜಿನೊಳಗಿಂದ ಸಲಗ ಬಂದದ್ದಕ್ಕೂ ಸರಿಹೋಯಿತು.

ಕೆಳಗೆ, ಒಂದು ಮಾರು ದೂರದಲ್ಲಿ, ಅದರ ಉಸಿರು ಕೇಳುತ್ತಿತ್ತು. ಕವಲಿಗೆ ಹೋಗಿ ಹೆಲ್ಮೆಟ್ ಮೂಸಿತು. ಮೇಲೆ ಕಾಲಿಟ್ಟಿತು. ಪಟ್! ವನಿತಾ ಬಾಯಿಗೆ ಸೆರಗು ತುರುಕಿಕೊಂಡಳು. ಸಲಗ ಸ್ವಲ್ಪ ಹೊತ್ತು ಊರಿನ ಕಡೆ ನೋಡಿ, ಆಮೇಲೆ ನಿಧಾನವಾಗಿ ಹಳ್ಳಕ್ಕಿಳಿಯಿತು.

ಎಷ್ಟೋ ಹೊತ್ತಿನ ನಂತರ ಒಂದು ಹಕ್ಕಿ ಕೂಗಿತು. ಆಗ ಅವಳಿಗೆ ಮಾತು ಬಂತು.

"ದೊಡ್ಡೋನು ಸೈಕಲ್ ಕೆಡವಿದ್ಮೇಲೆ ಹಿಂದಕ್ಕೆ ರೋಡಿಗೆ ಓಡ್ಬೋದಿತ್ತಲ್ಲ! ಕವಲ್ವರ್ಗೂ ಯಾಕ್ ಬಂದ್ರಿ? ಕೊಂಬೆ ಇಡೋಕಾ?"

"ಏಳು ಗಂಟೆ ಆಗ್ತಿತ್ತು," ಎಂದ ವೇಣು. "ನೀನು ಹಾಲು ತಗೊಂಡು ಬರೋ ಹೊತ್ತು. ಕಲ್ಲು ಹುಡ್ಕೋಕೆ ಟೈಮ್ ಇರ್ಲಿಲ್ಲ, ಹೆಲ್ಮೆಟ್ ಇಟ್ಟೆ."

ಅವಳು ಈ ದಾರಿ ಬಿಟ್ಟು ಹನ್ನೆರಡು ದಿನವಾಗಿತ್ತು. ಅವನಿಗೆ ಗೊತ್ತಿರಲಿಲ್ಲ.

ವನಿತಾಳ ಕಣ್ಣು ತುಂಬಿ ಹರಿಯಿತು. ಸೆರಗು ಹರಿದು ಅವನ ತೋಳಿಗೆ ಸುತ್ತತೊಡಗಿದಳು.

"ಕುಮಾರೇಶ್‌ಗೆ ಯಾಕ್ ಕೊಟ್ರಿ ದಾರೀನ?"

"ರೂಮ್‌ಮೇಟ್ ಅವನು. ಒಂದಿನ ನಾನು ವಾಪಸ್ ಬರ್ಲಿಲ್ಲ ಅಂದ್ರೆ ಎಲ್ಲಿ ಹುಡುಕ್ಬೇಕು ಅಂತ ಒಬ್ಬರಿಗಾದ್ರೂ ಗೊತ್ತಿರ್ಲಿ ಅಂತ ಕೊಟ್ಟೆ. ಅವನು ಸೈಕಲ್ನೋರ ಗುಂಪಿಗೆ ಹಾಕ್ಬಿಟ್ಟ. ಗೊತ್ತಾದ್ಮೇಲೆ ಅದನ್ನ ಅಳಿಸಿಬಿಟ್ಟೆ... ಆದ್ರೆ ಮಾವನ ಕಾಲು... ಅದು ನನ್ನ ತಪ್ಪೇ ವನಿತಾ."

"ಹೂಂ, ತಪ್ಪೇ. ಅಪ್ಪನ್ ಮುಂದೆ ನೀವೇ ಹೇಳ್ಬೇಕು. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಅವನು ಅವಳ ಮುಖವನ್ನೇ ನೋಡಿದ. "ಪಕ್ಕದಲ್ಲಿ... ಇವತ್ತೊಂದಿನನಾ?"

ವನಿತಾ ಗಂಟು ಬಿಗಿದಳು. ಅವನು ಅಯ್ಯೋ ಎಂದರೂ ಸಡಿಲಿಸಲಿಲ್ಲ.

"ನಾಳೆಯಿಂದ ಕೊಂಬೆ ನಾನೇ ಇಡ್ತೀನಿ," ಎಂದಳು.

"ಕೊಂಬೆ ಇಲ್ಲ ಅಂದ್ರೆ ದಾರಿ ಸಲೀಸು ಅಂತ ನಂಬ್ಲಾ?"

"ಬೇಡ. ಕೊಂಬೆ ಇಲ್ಲ ಅಂದ್ರೂ ಬರ್ಬೇಡಿ."

"ಮತ್ತೆ ಯಾವಾಗ ಬರ್ಲಿ?"

"ಕವಲಲ್ಲಿ ನಾನು ನಿಂತಿದ್ರೆ ಬನ್ನಿ."