ಜಲಪಾತದ ಸದ್ದು

"ಬಲಗಡೆ ಬೇರು! ಎಡಗಡೆ ಜಾರೋ ಕಲ್ಲು! ಕಣ್ಣು ನೆಲದ ಮೇಲೇ ಇರ್ಲಿ!"

ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಪಿ.ಟಿ. ಮೇಡಂ ತಿರುಗಿ ನೋಡದೆಯೇ ಕೂಗುತ್ತಿದ್ದರು. ಅವರ ಹಿಂದೆ ಮಿಡತೆ. ಅವಳ ಹಿಂದೆ ರೇಡಿಯೋ. ತುಂಬಾ ಹಿಂದೆ ಬಸವನಹುಳು.

ಮೂವರಿಗೂ ಬೇರೆ ಹೆಸರುಗಳಿದ್ದವು. ಆದರೆ ಹಾಜರಿ ಕೂಗುವಾಗ ಬಿಟ್ಟರೆ ಅವು ಯಾರ ನೆನಪಿಗೂ ಬರುತ್ತಿರಲಿಲ್ಲ. ಕಲ್ಲಿನಿಂದ ಕಲ್ಲಿಗೆ ಹಾರುತ್ತ ಓಡುವ ಹುಡುಗಿ ಮಿಡತೆ. ಅವಳ ಗೆಳತಿಯ ಬಾಯಿಗೆ ಬೀಗವೇ ಇಲ್ಲ, ಹಾಗಾಗಿ ಅವಳು ರೇಡಿಯೋ. ಬಸವನಹುಳುವಿಗೆ ಆ ಹೆಸರು ಯಾಕೆ ಬಂತು ಎಂದು ಹೇಳಬೇಕಾಗಿಲ್ಲ.

ಶನಿವಾರ ಮಧ್ಯಾಹ್ನ. ಶಾಲೆಯ ಓಟದ ತಂಡ ಬೆಟ್ಟದ ಕಾಡಿನೊಳಗೆ ಜಲಪಾತದ ಕಡೆ ಹೊರಟಿತ್ತು. ತಂಡದಲ್ಲಿ ಇದ್ದದ್ದೇ ಮೂರು ಜನ. ಮೋಡ ಮರಗಳ ತಲೆಯ ತನಕ ಇಳಿದು ಬಂದಿತ್ತು. ಮಳೆ ಇಲ್ಲ, ಬಿಸಿಲೂ ಇಲ್ಲ. ಕಾಲುದಾರಿ ಮಂಕಾಗಿ ಕಾಣುತ್ತಿತ್ತು.

"ಇನ್ನೆಷ್ಟು ದೂರನೇ?" ರೇಡಿಯೋ ಏದುಸಿರು ಬಿಡುತ್ತ ಕೇಳಿದಳು.

"ಆ ತಿರುವು ದಾಟಿದ್ರೆ ಸಾಕು, ಸದ್ದು ಕೇಳುತ್ತೆ," ಎಂದಳು ಮಿಡತೆ. "ಹತ್ರ ಹೋದ್ರೆ ನಾವು ಮಾತಾಡಿದ್ದು ನಮಗೇ ಕೇಳ್ಸಲ್ಲ!"

"ಅಬ್ಬ, ಅಲ್ಲಾದ್ರೂ ರೇಡಿಯೋ ಆಫ್ ಆಗುತ್ತೆ," ಎಂದ ಬಸವನಹುಳು ದೂರದಿಂದ.

ಈ ದಾರಿಯಲ್ಲೇ ಓಡಬೇಕು ಎಂದು ಹಟ ಹಿಡಿದವಳು ಮಿಡತೆ. ಒಂದು ತಿಂಗಳಿಂದ ಮೇಡಂ ಬೆನ್ನು ಬಿದ್ದಿದ್ದಳು. ಎರಡು ವರ್ಷದ ಹಿಂದೆ ಅಪ್ಪ ಅವಳನ್ನು ತನ್ನ ಜೊತೆ ಓಡಿಸುತ್ತ ಇಲ್ಲಿಗೆ ಕರೆತಂದಿದ್ದ. ಎಲ್ಲಿ ಹೆಜ್ಜೆ ಚಿಕ್ಕದು ಮಾಡಬೇಕು, ಎಲ್ಲಿ ಉಸಿರು ಉಳಿಸಿಕೊಳ್ಳಬೇಕು, ಎಲ್ಲಾ ಅವನೇ ಕಲಿಸಿದ್ದು.

ಆಮೇಲೆ ಅಪ್ಪನಿಗೆ ಬಿಡುವೇ ಸಿಗಲಿಲ್ಲ. ಅವನು ಪೈಪ್ ಫಿಟ್ಟರ್. ಕಳೆದ ಎಂಟು ತಿಂಗಳು ಕೆಲಸದ ಕ್ಯಾಂಪಿನಲ್ಲೇ ಉಳಿದು, ವಾರಕ್ಕೊಂದು ದಿನ ಮಾತ್ರ ಮನೆಗೆ ಬರುತ್ತಿದ್ದ. "ಎಲ್ಲಪ್ಪಾ ಕೆಲಸ?" ಎಂದು ಕೇಳಿದರೆ, "ಇಲ್ಲೇ, ಮೇಲ್ಗಡೆ," ಎಂದು ಮಾತು ತೇಲಿಸಿಬಿಡುತ್ತಿದ್ದ. ಎರಡು ವಾರದ ಹಿಂದೆ ಕೆಲಸ ಮುಗಿದು ಮನೆಗೆ ಬಂದಿದ್ದ.

ನಿನ್ನೆ ಊಟಕ್ಕೆ ಕೂತಾಗ ಮಿಡತೆ, "ನಾಳೆ ನಾವು ಜಲಪಾತಕ್ಕೆ ಓಡ್ತಿದ್ದೀವಿ!" ಎಂದಳು. ಅಪ್ಪನ ಕೈ ತಟ್ಟೆಯಲ್ಲೇ ನಿಂತುಹೋಯಿತು.

"ಕೆರೆ ದಂಡೆ ಕಡೆ ಹೋಗ್ಬಾರ್ದಾ? ಆ ದಾರಿ ಚೆನ್ನಾಗಿದೆ," ಎಂದ.

"ಅಯ್ಯೋ, ಅದು ಅಜ್ಜಂದಿರು ವಾಕಿಂಗ್ ಹೋಗೋ ದಾರಿ!"

ಅಪ್ಪ ತಟ್ಟೆ ಎತ್ತಿಕೊಂಡು ಎದ್ದ.

ತಿರುವು ಬಂತು. ಮಿಡತೆ ನಿಂತು ಕೈ ಎತ್ತಿದಳು. "ಶ್! ಈಗ ಕೇಳಿ."

ಎಲ್ಲರೂ ಕಿವಿಗೊಟ್ಟರು. ಎಲ್ಲೋ ಒಂದು ಹಕ್ಕಿ ಕೂಗಿತು. ಎಲೆಯಿಂದ ಒಂದು ಹನಿ ಬಿತ್ತು. ಅಷ್ಟೇ.

"ಮುಂದಿನ ತಿರುವಿರಬೇಕು," ಎಂದಳು ಮಿಡತೆ. ಮುಂದಿನ ತಿರುವೂ ಬಂತು. ಅಲ್ಲೂ ಸದ್ದಿಲ್ಲ. ಅವಳು ಮೇಡಂ ಅವರನ್ನೂ ಹಿಂದೆ ಹಾಕಿ, ಬಿದ್ದೆನೋ ಎದ್ದೆನೋ ಎನ್ನುವಂತೆ ಓಡಿದಳು.

ಮರಗಳು ಮುಗಿದವು. ಎದುರಿಗೆ ಕಪ್ಪು ಬಂಡೆ, ಆಕಾಶಕ್ಕೆ ಏಣಿ ಹಾಕಿದ ಹಾಗೆ. ಅದರ ಮೇಲಿಂದ ದಾರದಷ್ಟು ಸಣ್ಣ ನೀರು ಇಳಿಯುತ್ತಿತ್ತು. ಅರ್ಧ ದಾರಿಯಲ್ಲೇ ಅದು ಬಂಡೆಗೆ ಅಂಟಿಕೊಂಡು ಕಾಣದಾಗುತ್ತಿತ್ತು. ಕೆಳಗಿನ ದೊಡ್ಡ ಹೊಂಡ ಕುಗ್ಗಿಹೋಗಿತ್ತು. ಕೊಳೆತ ಎಲೆ, ಅಂಚಿಗೆಲ್ಲ ಪಾಚಿ.

ರೇಡಿಯೋ ಬಂದು ಪಕ್ಕದಲ್ಲಿ ನಿಂತಳು. ಜೀವನದಲ್ಲಿ ಮೊದಲ ಸಲ ಅವಳಿಗೆ ಮಾತು ಹೊರಡಲಿಲ್ಲ.

ಕೊನೆಗೆ ಬಂದ ಬಸವನಹುಳು ಅತ್ತ ಇತ್ತ ನೋಡಿ ಕೇಳಿದ, "ಜಲಪಾತ ಎಲ್ಲಿ?"

ಮೇಡಂ ಬಂಡೆಯ ಮೇಲಕ್ಕೆ ಕೈ ತೋರಿಸಿದರು.

ಬಂಡೆಯ ಪಕ್ಕದ ಏರಿನಲ್ಲಿ ಮಣ್ಣು ಅಗೆದು ಹೊಸ ದಾರಿ ಮಾಡಿದ್ದರು. ಮೇಡಂ ಹಿಂದೆ ಎಲ್ಲರೂ ಅದನ್ನು ಹತ್ತಿದರು. ಮೇಲೆ ಹೊಳೆಗೆ ಅಡ್ಡವಾಗಿ ಸಿಮೆಂಟಿನ ಗೋಡೆ ನಿಂತಿತ್ತು. ಅದರಿಂದ ಹೊರಟ ಒಂದು ಕಬ್ಬಿಣದ ಪೈಪು, ಬಸವನಹುಳು ಒಳಗೆ ತೆವಳಿಕೊಂಡು ಹೋಗುವಷ್ಟು ದಪ್ಪ, ಕಾಡಿನೊಳಗೆ ಇಳಿದು ಹೋಗಿತ್ತು.

"ಯಾರು ಮಾಡಿದ್ದು ಇದನ್ನ?" ರೇಡಿಯೋ ಪೈಪಿಗೆ ಕಾಲಿನಿಂದ ಒದ್ದಳು. "ಅವರಿಗೆ ತಲೆ ಇಲ್ವಾ? ಇಷ್ಟು ಚೆಂದದ ಜಲಪಾತ!"

"ಪೇಟೆಗೆ ನೀರು ಬೇಕಲ್ಲ," ಎಂದರು ಮೇಡಂ ಮೆಲ್ಲಗೆ. "ಹೋದ ಬೇಸಿಗೇಲಿ ಟ್ಯಾಂಕರ್ ಮುಂದೆ ನಿಮ್ಮಮ್ಮ ಎಷ್ಟು ಹೊತ್ತು ನಿಂತಿದ್ರು, ಮರೆತ್ಯಾ?"

"ಆದ್ರೂ..." ಎಂದಳು ರೇಡಿಯೋ. "ಆದ್ರೂ ಮಾಡಿದೋರು ಕಟುಕರು!"

ಮಿಡತೆ ಪೈಪಿನ ಜೋಡಣೆಗಳನ್ನು ನೋಡುತ್ತಿದ್ದಳು. ಪ್ರತಿ ಜೋಡಣೆಯ ಮೇಲೂ ಬಿಳಿ ಬಣ್ಣದಲ್ಲಿ ಒಂದೊಂದು ನಂಬರು. 5. 6. 7.

ಏಳನೆಯದರ ಮುಂದೆ ಅವಳಿಗೆ ಕಾಲು ಕಿತ್ತಿಡಲಾಗಲಿಲ್ಲ. ಆ ಏಳಕ್ಕೆ ನಡುವಿನಲ್ಲೊಂದು ಅಡ್ಡಗೆರೆ, ಸೊಂಟಕ್ಕೆ ಬೆಲ್ಟು ಕಟ್ಟಿದ ಹಾಗೆ. ಗೆರೆಯ ತುದಿಗೆ ಒಂದು ಕೊಕ್ಕೆ. ಇಂಥ ಏಳನ್ನು ಬರೆಯುವವರು ಅವಳಿಗೆ ಗೊತ್ತಿದ್ದ ಮಟ್ಟಿಗೆ ಇಬ್ಬರೇ. ಒಬ್ಬಳು ಅವಳು, ಅದಕ್ಕೇ ಗಣಿತದ ಸರ್ ಹತ್ತಿರ ಬೈಸಿಕೊಳ್ಳುತ್ತಿದ್ದಳು. ಇನ್ನೊಬ್ಬ ಅವಳಿಗೆ ಬರೆಯಲು ಕಲಿಸಿದವನು.

ಅವಳು ಅಂಗೈಯನ್ನು ಆ ನಂಬರಿನ ಮೇಲೆ ಇಟ್ಟಳು. ಕಬ್ಬಿಣ ತಣ್ಣಗಿತ್ತು. ಒಳಗೆ ನೀರು ಗುಂಯ್ ಎಂದು ಓಡುವುದು ಕೈಗೆ ತಿಳಿಯುತ್ತಿತ್ತು.

"ಅಲ್ಲೇನೇ ಮಾಡ್ತಿದ್ದೀಯ?" ರೇಡಿಯೋ ಕೇಳಿದಳು.

"ಏನಿಲ್ಲ. ಸುಮ್ನೆ."

ಹಿಂದಿರುಗುವಾಗ ಯಾರೂ ಓಡಲಿಲ್ಲ. ಮಂಜು ದಟ್ಟವಾಗಿತ್ತು, ಮೇಡಂ ನಡೆದೇ ಇಳಿಯೋಣ ಎಂದರು. ರೇಡಿಯೋಳ ಬಾಯಿ ಮತ್ತೆ ಶುರುವಾಗಿತ್ತು. ಪೈಪು ಹಾಕಿದವರಿಗೆ ಏನೇನು ಶಿಕ್ಷೆ ಕೊಡಬೇಕು ಎಂದು ಬೆರಳು ಮಡಚಿ ಎಣಿಸುತ್ತಿದ್ದಳು. ಬಸವನಹುಳು ನಗುತ್ತ ಇನ್ನಷ್ಟು ಸೇರಿಸುತ್ತಿದ್ದ. ಮಿಡತೆ ಅವರ ಹಿಂದೆಯೇ ನಡೆಯುತ್ತಿದ್ದಳು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

"ನಮ್ಮಪ್ಪ," ಎಂದಳು.

"ಏನು ನಿಮ್ಮಪ್ಪ?"

"ಆ ಪೈಪ್ ಹಾಕಿದ್ದು ನಮ್ಮಪ್ಪ."

ರೇಡಿಯೋಳ ಮಡಚಿದ ಬೆರಳು ಹಾಗೆಯೇ ಉಳಿಯಿತು. "ಮತ್ತೆ ನಮ್ಮನ್ನ ಯಾಕೆ ಕರ್ಕೊಂಡು ಬಂದೆ?"

"ನನಗೆ ಗೊತ್ತಿರ್ಲಿಲ್ಲ ಕಣೇ."

ರೇಡಿಯೋ ಅವಳ ಮುಖವನ್ನೇ ನೋಡಿದಳು. ನಂಬಿದಳೋ ಬಿಟ್ಟಳೋ. ಆಮೇಲೆ ಬಿರಬಿರನೆ ನಡೆದು ಮೇಡಂ ಪಕ್ಕ ಸೇರಿಕೊಂಡಳು. ಕಾಡು ಮುಗಿಯುವ ತನಕ ಮಿಡತೆಯ ಜೊತೆ ನಡೆದವನು ಬಸವನಹುಳು ಒಬ್ಬನೇ.

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಮಗಳ ಮುಖ ನೋಡಿ, ಹಿತ್ತಲ ಕಡೆ ಕಣ್ಣಲ್ಲೇ ತೋರಿಸಿದಳು.

ಅಪ್ಪ ಹಿತ್ತಲ ಮೆಟ್ಟಿಲ ಮೇಲೆ ಕೂತು ಸ್ಪ್ಯಾನರುಗಳನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದ. "ನೋಡಿದ್ಯಾ?" ಎಂದ, ತಲೆ ಎತ್ತದೆ.

"ಹೂಂ. ನೀನು ಮೊದ್ಲೇ ಹೇಳ್ಬೇಕಿತ್ತು."

"ಹೇಳ್ಬೇಕು ಅಂತಾನೇ ಬರ್ತಿದ್ದೆ. ಪ್ರತಿ ವಾರ. ನಿನ್ನ ಮುಖ ನೋಡಿದ್ರೆ ಬಾಯೇ ಬರ್ತಿರ್ಲಿಲ್ಲ."

"ನಾನು ಮಾಡಲ್ಲ ಅಂತ ಅವರಿಗೆ ಹೇಳ್ಬಹುದಿತ್ತಲ್ಲ?" ಅವಳ ದನಿ ಏರಿತು.

ಅಪ್ಪ ಒರೆಸುವುದನ್ನು ನಿಲ್ಲಿಸಿದ. "ನಾನಲ್ದಿದ್ರೆ ಇನ್ನೊಬ್ಬ ಫಿಟ್ಟರ್ ಬರ್ತಿದ್ದ. ಪೇಟೆಗೆ ನೀರಂತೂ ಬೇಕೇ ಬೇಕಿತ್ತು. ಹಾಗಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಅದು ಸರಿಯಾದ ಉತ್ತರಾನೋ ಅಲ್ವೋ, ಗೊತ್ತಿಲ್ಲ ಮಗಳೇ."

ಮಿಡತೆ ಬಾಗಿಲಿಗೆ ಒರಗಿ ನಿಂತೇ ಇದ್ದಳು.

"ಕೊನೇ ದಿನ ಪೈಪಿಗೆ ನೀರು ಬಿಡೋ ವಾಲ್ವ್ ತಿರುಗ್ಸೋ ಕೆಲಸ ನನ್ನದೇ ಆಗಿತ್ತು," ಎಂದ ಅಪ್ಪ. "ನಲವತ್ತು ಸುತ್ತು. ಇಪ್ಪತ್ತಾದ್ಮೇಲೆ ಜಲಪಾತದ ಸದ್ದು ಸಣ್ಣಗಾಯ್ತು. ನಲವತ್ತಕ್ಕೆ ನಿಂತೇಹೋಯ್ತು. ನನ್ನ ಕಿವಿಗೇ ಏನೋ ಆಯ್ತು ಅಂದ್ಕೊಂಡೆ. ಉಳಿದೋರೆಲ್ಲ ಚಪ್ಪಾಳೆ ಹೊಡೆದ್ರು. ಇಂಜಿನಿಯರ್ ಸಾಹೇಬ್ರು ಬೆನ್ನು ತಟ್ಟಿದ್ರು."

"ನೀನು?"

"ಕೆಳಗಿಳಿದು ಹೊಂಡದ ಹತ್ರ ಹೋಗಿ ಕೂತೆ. ನಿನ್ನಷ್ಟಿದ್ದಾಗಿಂದ ಅಲ್ಲಿಗೆ ಓಡ್ತಿದ್ದೋನು ನಾನು. ಅವತ್ತು ಅಲ್ಲಿ ಒಂದು ಕಪ್ಪೆ ಕೂಗಿದ್ದು ಕೇಳಿಸ್ತು. ಇಷ್ಟು ವರ್ಷದಲ್ಲಿ ಅಲ್ಲಿ ಕಪ್ಪೆಗಳಿದಾವೆ ಅಂತಾನೇ ನನಗೆ ಗೊತ್ತಿರ್ಲಿಲ್ಲ."

ಅವನು ನಗಲು ನೋಡಿದ. ಆಗಲಿಲ್ಲ.

ಇವತ್ತು ನಾವು ನಾಲ್ಕು ಜನ ಇದ್ದೆವು, ಎಂದುಕೊಂಡಳು ಮಿಡತೆ. ಮೇಡಂ ಇದ್ದರು. ಬೈಯುವುದಕ್ಕೆ ರೇಡಿಯೋ ಇದ್ದಳು. ದಾರಿಯುದ್ದಕ್ಕೂ ಪಕ್ಕದಲ್ಲಿ ಬಸವನಹುಳು ಇದ್ದ. ಅವತ್ತು ಆ ಹೊಂಡದ ಹತ್ತಿರ ಅಪ್ಪ ಒಬ್ಬನೇ ಕೂತಿದ್ದ. ಆಮೇಲೆ ಎದ್ದು ಅಷ್ಟು ದೂರ ಒಬ್ಬನೇ ಇಳಿದು ಬಂದಿದ್ದ.

ಅವಳ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಆದರೂ ಮೆಟ್ಟಿಲಿಳಿದು ಬಂದಳು.

"ಸ್ವಲ್ಪ ಆಚೆ ಸರಿ," ಎಂದಳು.

ಅಪ್ಪ ಸರಿದ. ಅವಳು ಅವನ ಪಕ್ಕ ಕೂತಳು. ಒಳಗೆ ಹೊಲಿಗೆ ಯಂತ್ರ ನಿಂತಿತು. ಆದರೆ ಅಮ್ಮ ಇಬ್ಬರನ್ನೂ ಕರೆಯಲಿಲ್ಲ.