ಫೋಲ್ಡರ್‌ನಲ್ಲೇ ಉಳಿದಿದ್ದ ನಿಶ್ಚಿತಾರ್ಥ

"ಮೌಸ್ ಬಿಡ್ರೀ!"

ಪ್ರೇರಣಾಳ ದನಿಗೆ ಜಯನಗರದ ಆ ಇಂಟೀರಿಯರ್ ಡಿಸೈನ್ ಆಫೀಸಿನವರೆಲ್ಲ ತಿರುಗಿ ನೋಡಿದರು.

ಅವಳ ಕುರ್ಚಿಯ ಪಕ್ಕ ಬೆಪ್ಪಾಗಿ ನಿಂತಿದ್ದವನು ಶಶಿಧರ್. ಅಂದೇ ಕೆಲಸಕ್ಕೆ ಸೇರಿದವನು. ಅವಳು ಒಂದು ಪ್ರೆಸೆಂಟೇಷನ್‌ನಿಂದ ಇನ್ನೊಂದಕ್ಕೆ ಸ್ಲೈಡುಗಳನ್ನು ಒಂದೊಂದಾಗಿ ಕಾಪಿ ಮಾಡುವುದನ್ನು ನೋಡಲಾರದೆ ಮೌಸಿಗೇ ಕೈ ಹಾಕಿಬಿಟ್ಟಿದ್ದ!

"ಸಾರಿ ಮೇಡಂ... ಇದನ್ನೆಲ್ಲಾ ಕೈಯಲ್ಲೇ ಮಾಡ್ತೀರಾ? ಒಂದು ಮ್ಯಾಕ್ರೋ ಬರೆದುಕೊಡ್ತೀನಿ. ಬಟನ್ ಒತ್ತಿದ್ರೆ ಸಾಕು, ಫೋಲ್ಡರ್‌ನಲ್ಲಿರೋ ಫೈಲೆಲ್ಲಾ ಅದೇ ತೆರೆದು, ಸ್ಲೈಡ್‌ಗಳನ್ನ ತಂದು ಒಂದೇ ಕಡೆ ಜೋಡಿಸುತ್ತೆ."

"ನಾನು ಕೇಳಿದ್ನಾ?"

ಅವನಿಗೇನು ಗೊತ್ತು... ಆ ಬೇಸರದ ಕೆಲಸವೇ ಅವಳಿಗೆ ಔಷಧಿಯಾಗಿತ್ತು. ಕೈಗೆ ಬಿಡುವಿಲ್ಲದಿದ್ದರೆ ಮನಸ್ಸು ಕೈಲಾಸ್‌ನ ಕಡೆ ಹೋಗುತ್ತಿರಲಿಲ್ಲ.

ಮನೆಯವರೇ ನೋಡಿದ್ದ ಹುಡುಗ ಕೈಲಾಸ್. ಅವಳೂ ಮನಸಾರೆ ಮೆಚ್ಚಿದ್ದಳು. ಛತ್ರ ಹಿಡಿದಾಗಿತ್ತು, ಸೀರೆ ಬಂದಾಗಿತ್ತು. ನಿಶ್ಚಿತಾರ್ಥ ಇನ್ನೇನು ಬಂತು ಎನ್ನುವಾಗ ಅವನ ಫೋನ್.

"ನನಗೆ ಬೇರೆ ಹುಡುಗಿ ಇಷ್ಟ, ಪ್ರೇರಣಾ. ಮನೇಲಿ ಹೇಳೋಕೆ ಧೈರ್ಯ ಬರ್ಲಿಲ್ಲ... ಸಾರಿ."

ಅಷ್ಟೇ. ಇಟ್ಟಮಡುವಿನ ಮನೆಯಲ್ಲಿ ತಾಯಿ ಬಸವಲಿಂಗಮ್ಮ ಎದೆ ಬಡಿದುಕೊಂಡು ಅತ್ತರು. ಪ್ರೇರಣಾ ಅಳಲಿಲ್ಲ. ಮರುದಿನವೇ ಆಫೀಸಿಗೆ ಬಂದು ಸ್ಲೈಡು ಕಾಪಿ ಮಾಡತೊಡಗಿದಳು.

ಬೇಡವೆಂದರೂ ಶಶಿಧರ್ ಮ್ಯಾಕ್ರೋ ಬರೆದು ತಂದ. ಬಟನ್ ಒತ್ತಿದ. ಅವಳ ಇಡೀ ದಿನದ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಯಿತು!

"ಹೇಗಿದೆ?"

ಪ್ರೇರಣಾಳ ಕಣ್ಣು ತುಂಬಿ ಬಂತು. "ಈಗ... ನಾನೇನ್ ಮಾಡ್ಲಿ?"

ಬೇರೆ ಯಾರಾದರೂ ನಕ್ಕುಬಿಡುತ್ತಿದ್ದರು. ಅವನು ನಗಲಿಲ್ಲ. "ಬನ್ನಿ, ಕಾಫಿ ಕುಡಿದು ಬರೋಣ" ಎಂದ ಮೆಲ್ಲಗೆ.

ಅಂದಿನಿಂದ ಕಾಫಿ ದಿನವೂ ಆಯಿತು. ಅವನು ಸುದ್ದಗುಂಟೆಪಾಳ್ಯದ ತನ್ನ ಮನೆಯ ಬಾಡಿಗೆದಾರರ ಜಗಳಗಳನ್ನು ಅವರದೇ ದನಿಯಲ್ಲಿ ಹೇಳಿ ನಗಿಸುತ್ತಿದ್ದ. ನಗುವುದು ಇನ್ನೂ ಮರೆತಿಲ್ಲವಲ್ಲ ಎಂದು ಅವಳಿಗೇ ಆಶ್ಚರ್ಯ!

ಕೈಲಾಸ್‌ನ ವಿಷಯ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಳು. 'ಯಾರೋ ಬೇಡ ಅಂತ ಬಿಟ್ಟುಹೋದವಳು ಅಂತ ಗೊತ್ತಾದರೆ ಇವನ ಕಣ್ಣಲ್ಲೂ ಅಯ್ಯೋ ಪಾಪ ಅನ್ನೋದೇ ಕಾಣುತ್ತೇನೋ...' ಥಟ್ಟನೆ ಬೇರೇನೋ ಮಾತು ತೆಗೆಯುತ್ತಿದ್ದಳು.

ಆ ದಿನ ಬನಶಂಕರಿಯಲ್ಲಿ ಹೊಸ ಮನೆ ಕಟ್ಟಿಸಿದ್ದ ಪರಮಶಿವಯ್ಯ ದಂಪತಿ ಡಿಸೈನ್ ನೋಡಲು ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟರು. ಪ್ರೇರಣಾ ಗಡಿಬಿಡಿಯಲ್ಲಿ ತನ್ನ ಫೋಲ್ಡರನ್ನೇ ಇಡಿಯಾಗಿ ಆರಿಸಿ ಮ್ಯಾಕ್ರೋ ಓಡಿಸಿದಳು. ತಿರುವಿ ನೋಡಲು ಪುರುಸೊತ್ತಿರಲಿಲ್ಲ.

ಪರದೆಯ ಮೇಲೆ ಅಡುಗೆಮನೆ ಬಂತು. ದೇವರಮನೆ ಬಂತು.

ಆಮೇಲೆ... ಗುಲಾಬಿ ಬಣ್ಣದ ಸ್ಲೈಡ್. 'ಕೈಲಾಸ್ – ಪ್ರೇರಣಾ, ನಿಶ್ಚಿತಾರ್ಥ'. ಕೈಲಾಸ್‌ನ ಭುಜಕ್ಕೊರಗಿ ನಗುತ್ತಿರುವ ಅವಳದೇ ಫೋಟೋ!

ಛತ್ರದಲ್ಲಿ ತೋರಿಸಲೆಂದು ಆಸೆಯಿಂದ ಮಾಡಿಟ್ಟಿದ್ದ ಫೈಲು. ಅಳಿಸಲು ಮನಸ್ಸು ಬಾರದೆ ಅದೇ ಫೋಲ್ಡರ್‌ನಲ್ಲಿ ಉಳಿದಿತ್ತು. ಏನೂ ಅರಿಯದ ಮ್ಯಾಕ್ರೋ ಅದನ್ನೂ ತಂದು ಜೋಡಿಸಿತ್ತು.

"ನಿಮ್ದೇನಮ್ಮಾ? ಜೋಡಿ ಲಕ್ಷಣವಾಗಿದೆ!" ಪರಮಶಿವಯ್ಯನವರ ಹೆಂಡತಿ ಚಪ್ಪಾಳೆ ತಟ್ಟಿದರು. ಅವರ ಯಜಮಾನರೂ ತಟ್ಟಿದರು. ಬಾಗಿಲ ಬಳಿಯಿಂದ ಇನ್ನೊಂದು ಚಪ್ಪಾಳೆ... ಶಶಿಧರ್!

ಪ್ರೇರಣಾ ಹೊರಗೆ ಓಡಿದಳು. ಅವನು ಮೆಟ್ಟಿಲ ಬಳಿ ಬಂದ. ಮುಖ ಬಿಳಿಚಿಕೊಂಡಿತ್ತು.

"ಕಂಗ್ರಾಟ್ಸ್ ಮೇಡಂ. ಮೊದಲೇ ಒಂದು ಮಾತು ಹೇಳಬಹುದಿತ್ತು."

'ನಾನು ಹೇಳದಿದ್ರೇನು, ಇಡೀ ಆಫೀಸಿಗೆ ಗೊತ್ತಿರೋದು ಇಷ್ಟರಲ್ಲಿ ಇವನ ಕಿವಿಗೂ ಬಿದ್ದಿರುತ್ತೆ. ಆಡ್ಕೋತಿದ್ದಾನೆ!'

"ನಿಮ್ಮ ಮ್ಯಾಕ್ರೋ ಅದನ್ನೂ ತರೋ ಹಾಗೆ ಬೇಕಂತಲೇ ಬರೆದ್ರಿ ಅಲ್ವಾ? ಎಲ್ರೂ ನಗ್ಲಿ ಅಂತ! ಇನ್ಮೇಲೆ ನನಗೆ ಮುಖ ತೋರಿಸಬೇಡಿ."

ಅವನು ತಿರುಗಿ ಮೆಟ್ಟಿಲಿಳಿದ. ಮರುದಿನವೇ ಬೇಗೂರಿನ ಸೈಟಿನ ಕೆಲಸ ಕೇಳಿ ಹಾಕಿಸಿಕೊಂಡು ಹೋದ.

ಕಾಫಿ ಹೊತ್ತಿಗೆ ಅವಳು ಒಬ್ಬಳೇ ಕೂರತೊಡಗಿದಳು. ಕೈಲಾಸ್ ಹೋದಾಗ ಅವಮಾನವಾಗಿತ್ತು. ಈಗ ಉಸಿರೇ ಭಾರ... 'ನನ್ನ ಹಣೆಬರಹಾನೇ ಇಷ್ಟಾ?'

ಒಂದು ಮಧ್ಯಾಹ್ನ ಮ್ಯಾನೇಜರ್ ಇಂದ್ರಾಣಿ ಅವಳ ಬಳಿ ಬಂದು ಕೂತರು.

"ಶಶಿಧರ್ ಫೋನ್ ಮಾಡಿದ್ದ ಕಣೇ. ನಿನ್ನ ಮದುವೆ ಯಾವತ್ತು ಅಂತ ಕೇಳ್ದ. ಯಾವತ್ತಿದ್ರೂ ಆ ದಿನ ರಜಾ ಹಾಕಿ ಊರು ಬಿಟ್ಟು ಹೋಗ್ತಾನಂತೆ. ನಿಶ್ಚಿತಾರ್ಥ ನಿಂತುಹೋಗಿದ್ದು ಅವನಿಗೆ ಗೊತ್ತೇ ಇಲ್ಲ! ಅವನು ಬರೋ ಹೊತ್ತಿಗೆ ನಾವೆಲ್ಲಾ ಆ ಮಾತೇ ಬಿಟ್ಟಿದ್ವಲ್ಲ..."

ಪ್ರೇರಣಾ ಎದ್ದುನಿಂತಳು. "ಮೇಡಂ, ಅರ್ಧ ದಿನ ರಜಾ ಬೇಕು."

ಬೇಗೂರಿನ ಸೈಟಿನಲ್ಲಿ ಮರದ ಹೊಟ್ಟು ಮೆತ್ತಿಕೊಂಡು ನಿಂತಿದ್ದ ಶಶಿಧರ್ ಅವಳನ್ನು ಕಂಡು ತಲೆ ತಗ್ಗಿಸಿದ.

"ಮದುವೆ ಕಾರ್ಡ್ ಕೊಡೋಕೆ ಬಂದ್ರಾ?"

"ಮದುವೆ ಇಲ್ಲ. ನಿಶ್ಚಿತಾರ್ಥಾನೂ ಆಗ್ಲಿಲ್ಲ. ಅವನು... ನನ್ನನ್ನ ಬೇಡ ಅಂದ, ಶಶಿಧರ್."

ಅವಳು ಎಲ್ಲವನ್ನೂ ಹೇಳಿದಳು. ಅವನು ಸಿಮೆಂಟ್ ಚೀಲದ ಮೇಲೆ ಕುಸಿದು ಕುಳಿತ.

"ಅಯ್ಯೋ... ಆವತ್ತು ನಾನೂ ಚಪ್ಪಾಳೆ ತಟ್ಟಿದೆ. ನನ್ನ ಸಂಕಟ ನಿಮಗೆ ಕಾಣಬಾರ್ದು ಅಂತ ಜೋರಾಗಿ ತಟ್ಟಿದೆ!"

ಅವನ ಕಣ್ಣಲ್ಲಿ ನೀರು. ಅದನ್ನು ನೋಡಿದ್ದೇ ತಡ, ಇಷ್ಟು ದಿನ ಕಟ್ಟಿಟ್ಟಿದ್ದೆಲ್ಲ ಒಡೆದುಹೋಯಿತು. ಪ್ರೇರಣಾ ಬಿಕ್ಕಿ ಬಿಕ್ಕಿ ಅತ್ತಳು. ಕೆಲಸದವರು ಮೆಲ್ಲಗೆ ಆಚೆ ಸರಿದರು. ಅವನು ಅವಳ ಅಳು ಮುಗಿಯುವವರೆಗೂ ಪಕ್ಕದಲ್ಲೇ ಇದ್ದ.

"ನಿಮ್ಮನ್ನ ಪ್ರೀತಿಸ್ತೀನಿ ಪ್ರೇರಣಾ. ಉತ್ತರ ಇವತ್ತೇ ಬೇಡ."

"ನನಗೂ ನೀವಂದ್ರೆ... ಆದ್ರೆ ಭಯ ಆಗುತ್ತೆ. ಒಂದು ದಿನ ನೀವೂ ಬೇಡ ಅಂದ್ರೆ?"

"ಅನ್ನಲ್ಲ ಅಂತ ಆಣೆ ಇಟ್ರೆ ನಂಬ್ತೀರಾ?"

"ಇಲ್ಲ."

"ಸರಿ, ಆಣೆ ಬೇಡ. ನಾಳೆ ಬರ್ತೀನಿ, ನಾಡಿದ್ದೂ ಬರ್ತೀನಿ. ನೋಡ್ತಾ ಹೋಗಿ."

ಪ್ರೇರಣಾ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. ಅವನ ಕಡೆ ನೋಡದೆ, ನೆಲ ನೋಡುತ್ತಾ ಹೇಳಿದಳು:

"ನಾಳೆ ಮನೆಗೇ ಬಾ, ಶಶಿ. ಅಮ್ಮನ ಹತ್ರ ಮಾತಾಡು."

"ಬಾ ಅಂದ್ರಾ?"

"ಹೂಂ... ಬಾ."